ಬಫರ್ ಭಾವ

ಹೊನ್ನಾವರದಲ್ಲಿ ಅವನಿಗೆ ಭಾವ ಅನ್ನುತ್ತಾರೆ, ಭಟ್ಕಳದಲ್ಲಿ ಭಾಯಿ. ಕುಮಟೆಯಲ್ಲೂ ಒಬ್ಬ ಇದ್ದೇ ಇರುತ್ತಾನೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಬೆಂಗಳೂರಿನಿಂದ ಬಂದವನು ಜಗಲಿ ಬಿಟ್ಟು ಇಳಿದಿಲ್ಲ. ಲೆಕ್ಕ ಹಾಕುವುದು ಅವನ ಜಾಯಮಾನವಲ್ಲ. ಸತ್ಯನಾರಾಯಣ ಪೂಜೆಗೆ ಐವತ್ತು ಜನ ಅಂದರೆ ನೂರೈವತ್ತು ಬಾಳೆ ಎಲೆ ಕೊಯ್ಸುತ್ತಾನೆ. ಯಾಕೆಂದು ಕೇಳಿದರೆ, "ಇರ್ಲಿ ಬಿಡಾ."

ಪ್ರೋಗ್ರಾಮ್ ಬರೆಯುವುದೂ ಹೀಗೆಯೇ.

ಊರಿನ ಯಕ್ಷಗಾನದ ವಿಡಿಯೊ ಒಂದು ಬೇಸ್64 ರೂಪದಲ್ಲಿ ಬಂದಿತ್ತು. ಮೂಲ 900 ಎಂಬಿ. ಬರಿಯ ಅಕ್ಷರ ಸಾಗಿಸಲು ಹುಟ್ಟಿದ ಇಮೇಲ್‌ನಲ್ಲಿ ಚಿತ್ರ, ವಿಡಿಯೊ ಹೋಗಲೆಂದು ಪ್ರತಿ 3 ಬೈಟನ್ನು 4 ಅಕ್ಷರ ಮಾಡುವ ಪದ್ಧತಿ ಈ ಬೇಸ್64. ಹಾಗಾಗಿ 900 ಹೋಗಿ ಕಡಿಮೆಯೆಂದರೂ 1200 ಆಗಿತ್ತು. ಭಾವನಿಗೆ ಇದೆಲ್ಲ ಗೊತ್ತು, ಜಗಲಿಗೆ ಬಂದವರಿಗೆಲ್ಲ ವಿವರಿಸುತ್ತಾನೆ. ಆದರೂ ಇಡೀ ಫೈಲನ್ನು ಒಂದೇ ಸ್ಟ್ರಿಂಗಿಗೆ ತುಂಬಿದ. ಅವನದು ಜಾವಾ 8. ಅದರಲ್ಲಿ ಒಂದೊಂದು ಅಕ್ಷರಕ್ಕೂ 2 ಬೈಟ್, ಅಂದರೆ ಕಡಿಮೆಯೆಂದರೂ 2400 ಎಂಬಿ. ಬಿಚ್ಚಿದ ವಿಡಿಯೊಗೆ 900 ಸಾಕಿತ್ತು, ಇವನು 1800 ಕೇಳಿದ. ಇರ್ಲಿ ಬಿಡಾ! 4 ಜಿಬಿಯ ಲ್ಯಾಪ್‌ಟಾಪ್ ಮೆಮೊರಿ ಇಲ್ಲವೆಂದು ಕೈಚೆಲ್ಲಿತು.

ಅಂಜುಮನ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುವ ಹೆಂಡತಿಯ ತಂಗಿ ಇಣುಕಿ ನೋಡಿದಳು. "ಭಾವಾ, 8192 ಅಕ್ಷರ ಓದು, ಬಿಚ್ಚು, ಬರೆ. ಮತ್ತೆ ಅದೇ ಬಫರ್ ಬಳಸು. ಒಂದು ಸಲಕ್ಕೆ 6144 ಬೈಟಿಗಿಂತ ಹೆಚ್ಚು ಬರೋದಿಲ್ಲ."

ಓದಿದ್ದನ್ನು ಸದ್ಯಕ್ಕೆ ಇಡುವ ಬಫರ್ ಅಷ್ಟು ಸಣ್ಣದೆಂದು ನೋಡಿ ಅವನಿಗೆ ಅವಮಾನವಾಯಿತು. ಆದರೂ ಬರೆದ. ವಿಡಿಯೊ ತೆರೆಯಲೇ ಇಲ್ಲ.

ಇಮೇಲ್‌ನ ಬೇಸ್64ರಲ್ಲಿ 76 ಅಕ್ಷರಕ್ಕೊಂದು ಸಾಲು, ಸಾಲಿನ ತುದಿಗೆ ಕಣ್ಣಿಗೆ ಕಾಣದ 2 ಚಿಹ್ನೆ. 8192ರಲ್ಲಿ ಅವನ್ನು ತೆಗೆದರೆ ಉಳಿಯುವುದು 7982. ಅದನ್ನು ನಾಲ್ಕು ನಾಲ್ಕಾಗಿ ಕಟ್ಟಿದರೆ ಕೊನೆಗೆ ಎರಡು ಅಕ್ಷರ ಮಿಗುತ್ತವೆ. ಅವನ್ನು ಮುಂದಿನ ಕಂತಿಗೆ ಒಯ್ಯಬೇಕು. ಹಳೇ ಚಾರ್ಜರ್, ಹರಿದ ಕೊಡೆ, ಮದುವೆ ಮನೆಯ ಖಾಲಿ ಡಬ್ಬಿ, ಯಾವುದನ್ನೂ ಎಸೆಯದ ಮನುಷ್ಯ ಆ ಎರಡಕ್ಷರ ಮಾತ್ರ ಎಸೆದಿದ್ದ! ಅಲ್ಲಿಂದಾಚೆಗಿನದೆಲ್ಲ ಹಳಿ ತಪ್ಪಿತ್ತು.

ಸಾಲಿನ ತುದಿಯ ಚಿಹ್ನೆ ಕಳೆದು, ಮಿಕ್ಕಿದ್ದನ್ನು ಹೊತ್ತು, ತುಸುತುಸುವೇ ಬಿಚ್ಚಿಕೊಡುವ ಡಿಕೋಡರ್ 2014ರಲ್ಲಿ ಬಂದ ಜಾವಾ 8ರಲ್ಲೇ ಇದೆ ಎಂದು ನಾದಿನಿ ಎರಡು ಸಾಲು ಟೈಪ್ ಮಾಡಿ ತೋರಿಸಿದಳು. ವಿಡಿಯೊ ಓಡಿತು.

ಭಾವ ಈಗ 32 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪಿಗೆ ಆರ್ಡರ್ ಕೊಟ್ಟಿದ್ದಾನೆ. ಆ ಎರಡು ಸಾಲಿಗೆ ಹಳೆಯದೇ ಧಾರಾಳವಾಯಿತು.