ಜಾಲಸಂಚಾರಿ ಮೇಷ್ಟ್ರು

ತಾಲ್ಲೂಕು ಕೇಂದ್ರದ ಯಾವ ಪ್ರೌಢಶಾಲೆಗೆ ಹೋದರೂ ಈ ಮಹನೀಯರ ದರ್ಶನಲಾಭ ತಪ್ಪದು. ಕಾಲು ಶತಮಾನ ಕನ್ನಡ ವ್ಯಾಕರಣವನ್ನು ಬೋಧಿಸಿ, ನಿವೃತ್ತಿ ಸಮೀಪಿಸಿದ ವಯಸ್ಸಿನಲ್ಲಿ, ಎರಡು ದಿನಗಳ ತರಬೇತಿಯಲ್ಲಿ ನಿದ್ರಿಸದೆ ಕುಳಿತಿದ್ದರೆಂಬ ಏಕೈಕ ಅರ್ಹತೆಯಿಂದ ಕಂಪ್ಯೂಟರ್ ಕೊಠಡಿಯ ಬೀಗದಕೈಗೆ ಒಡೆಯರಾದವರು ಇವರು. ಅಲ್ಲಿನ ಯಂತ್ರಗಳ ಪೈಕಿ ಪ್ರಾಣವಿರುವುದು ಒಂದಕ್ಕೇ. ಮಿಕ್ಕವು ಮುಸುಕು ಹೊದ್ದು ದುರಸ್ತಿಯ ಆದೇಶವನ್ನು ನಿರೀಕ್ಷಿಸುತ್ತಿವೆ. ಮಕ್ಕಳೆಲ್ಲ ಚಪ್ಪಲಿಯನ್ನು ಹೊರಗೆ ಬಿಟ್ಟು ಆ ಒಂದರ ಸುತ್ತ ನೆರೆದ ಮೇಲೆ, ಮೇಷ್ಟ್ರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, ತೋರುಬೆರಳಿನಿಂದ ಕೀಲಿಮಣೆಗೆ ಒಂದು ಪ್ರದಕ್ಷಿಣೆ ಹಾಕಿಸಿ, ಕಡೆಗೊಮ್ಮೆ ಒಂದಕ್ಷರವನ್ನು ಒತ್ತುವರು.

ಅಂದಿನ ಪಾಠ, ಆದಿಕವಿ ಪಂಪನಿಗೆ ಆಶ್ರಯವಿತ್ತ ಅರಸನಾರೆಂಬುದನ್ನು ಜಾಲದಲ್ಲಿ ಶೋಧಿಸುವುದು. ಉತ್ತರ ಮೇಷ್ಟ್ರಿಗೆ ಕಂಠಪಾಠ; ಆದರೂ ಹುಡುಕಿದಲ್ಲದೆ ಪಾಠವಾಗದಷ್ಟೆ. ಒತ್ತಕ್ಷರಗಳನ್ನು ಮೂಡಿಸುವ ಸಾಹಸಕ್ಕೆ ಹೋಗದೆ ಅವರು ಇಂಗ್ಲಿಷಿನ ಅಕ್ಷರಗಳಲ್ಲಿ ಕವಿಯ ನಾಮಧೇಯವನ್ನು ಒತ್ತಲಾಗಿ, ಯಂತ್ರವು ಕವಿಯೊಬ್ಬನನ್ನುಳಿದು ಆ ಹೆಸರಿನ ಸಮಸ್ತವನ್ನೂ ತಂದು ಸುರಿಯಿತು. ಮೊದಲು ಬಂದದ್ದು ಕೇರಳದ ಪಂಪಾನದಿ. ಐದಾರು ಬಾರಿ ಮಾಲೆ ಧರಿಸಿದವರಾದ ಮೇಷ್ಟ್ರು ಅಲ್ಲಿಂದ ಶಬರಿಮಲೆಯ ಬೆಟ್ಟವನ್ನು ಹತ್ತಿಯೇ ಇಳಿದರು. ಬಳಿಕ ಅಮೆರಿಕದ ಟೆಕ್ಸಾಸಿನಲ್ಲೊಂದು ಪಂಪಾ ಪಟ್ಟಣ. ಅದಕ್ಕೆ ಆ ಹೆಸರು ಬಂದುದು ದಕ್ಷಿಣ ಅಮೆರಿಕದ ಪಂಪಾಸ್ ಹುಲ್ಲುಗಾವಲುಗಳಿಂದ ಎಂಬ ವಾಕ್ಯದ ಕೆಳಗೆ ನೀಲಿ ಗೆರೆಯೆಳೆದಿತ್ತು. ನೀಲಿ ಗೆರೆಯನ್ನು ಕಂಡೂ ಒತ್ತದೆ ಮುಂದುವರಿಯುವುದು ಮೇಷ್ಟ್ರ ಜಾಯಮಾನವಲ್ಲ. "ನೋಡ್ರಯ್ಯಾ, ಇದಕ್ಕೇ ಬ್ರೌಸಿಂಗ್ ಅನ್ನೋದು," ಎನ್ನುತ್ತ ಅವರು ಅರ್ಜೆಂಟೀನಾದ ದನಗಳ ನಡುವೆ ಸಾವಕಾಶವಾಗಿ ಸಂಚರಿಸತೊಡಗಿದರು.

ಮುಂದೆ ನಿಂತಿದ್ದ ಹುಡುಗಿಯೊಬ್ಬಳು ಮೆಲ್ಲನೆ, "ಸಾರ್, ಕನ್ನಡದಲ್ಲೇ ಪಂಪ ಅಂತ ಹೊಡೆದು, ಪಕ್ಕದಲ್ಲಿ ವಿಕ್ರಮಾರ್ಜುನ ವಿಜಯ ಅಂತ ಸೇರಿಸಿದ್ರೆ ಬರುತ್ತೆ ಸಾರ್," ಎಂದಳು. ಅನುಮತಿ ದೊರೆಯಿತು. ನಿಮಿಷದೊಳಗೆ ವೇಮುಲವಾಡದ ಚಾಲುಕ್ಯ ಅರಸ ಇಮ್ಮಡಿ ಅರಿಕೇಸರಿಯು ಪರದೆಯ ಮೇಲೆ ಪ್ರತ್ಯಕ್ಷನಾದನು. ಅಷ್ಟಕ್ಕೆ ಸಾಲದೆ, ಆಕೆ ಬೇರೆ ಎರಡು ಪುಟಗಳನ್ನು ತೆರೆದು, ಅವೂ ಹಾಗೆಯೇ ಹೇಳುವುವೇ ಎಂದು ತಾಳೆನೋಡಿದಳು. ಮೇಷ್ಟ್ರ ಮುಖ ಪೆಚ್ಚಾಯಿತು. "ಕಾವ್ಯದ ಹೆಸರೆಲ್ಲ ನಿನಗೇ ಗೊತ್ತಿದ್ದ ಮೇಲೆ ಹುಡುಕೋದೇನು ಬಂತಮ್ಮಾ?"

ಆಕ್ಷೇಪಣೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅರ್ಧ ತಿಳಿದವನಿಗೆ ಮಾತ್ರ ಉಳಿದರ್ಧವನ್ನು ಕೊಡುವ ವಿಚಿತ್ರ ದಾನಿ ಈ ಜಾಲ. ಏನೂ ತಿಳಿಯದವನಿಗೆ ಅದು ಹುಲ್ಲುಗಾವಲನ್ನೇ ತೋರಿಸುವುದು. ಮೇಲಾಗಿ, ಮೇಷ್ಟ್ರ ಅಲೆದಾಟಕ್ಕೆ ಹಳೆಯ ಮೂಲವೊಂದುಂಟು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ 14 ಸಂಪುಟಗಳ ಮುಂದೆ ಯೌವನವನ್ನು ಕಳೆದ ಅವರಿಗೆ, ಅಕಾರಾದಿಯಲ್ಲಿ ಬೇಕಾದ ಲೇಖನವನ್ನು ಅರಸುತ್ತ ಅದರ ನೆರೆಹೊರೆಯವನ್ನೆಲ್ಲ ಓದಿಬಿಡುವುದು ಅಭ್ಯಾಸವಾಗಿಹೋಗಿದೆ. ಆದರೆ ಸಂಪುಟಕ್ಕೆ ಕೊನೆಯ ಹಾಳೆಯೊಂದಿತ್ತು. ಜಾಲದಲ್ಲಿ ಅವರನ್ನು ತಡೆಯಬಲ್ಲುದು ಶಾಲೆಯ ಗಂಟೆ, ಇಲ್ಲವೆ ವಿದ್ಯುತ್ ಇಲಾಖೆ.

ವಾರಾಂತ್ಯಕ್ಕೆ ಪ್ರಾಜೆಕ್ಟ್ ಬರೆದು ತರಲು ಆಜ್ಞೆಯಾಯಿತು. ಹೆಚ್ಚಿನವರು ಸೈಬರ್ ಸೆಂಟರಿಗೆ ಹೋಗಿ, ಒಂದೇ ಲೇಖನವನ್ನು ಒಂದೇ ಬಗೆಯ ಸ್ಪೈರಲ್ ಬೈಂಡಿಂಗಿನಲ್ಲಿ ತಂದರು. ಕೈಬರಹವೇ ಆಗಬೇಕೆಂದು ಮೇಷ್ಟ್ರು ಹಿಂದಿರುಗಿಸಲಾಗಿ, ಅದನ್ನೇ ನಕಲು ಮಾಡಿದ ಒಬ್ಬ ಶ್ರದ್ಧಾವಂತನು 'ಪಂಪನ ಕೃತಿಗಳು' ಎಂಬ ಶೀರ್ಷಿಕೆಯ ಮಗ್ಗುಲಲ್ಲಿ 'ಸಂಪಾದಿಸಿ' ಎಂಬುದನ್ನೂ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಅಡಿಯಲ್ಲಿ ನೀಲಿ ಶಾಯಿಯಿಂದ ಗೆರೆಯನ್ನೂ ಎಳೆದಿದ್ದನು. ಮೇಷ್ಟ್ರು ಅದಕ್ಕೂ ಗುರುತು ಹಾಕಿದರು. ಅರಿಕೇಸರಿಯನ್ನು ಹುಡುಕಿ, ಮೂರು ಪುಟಗಳನ್ನು ತಾಳೆನೋಡಿದ ಆ ಹುಡುಗಿಗೆ 20ಕ್ಕೆ 14 ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಿಂದ 'ಅವಸರ' ಎಂಬ ಷರಾ. ಪಂಪನಿಂದ ಹೊರಟು, ಅರ್ಜೆಂಟೀನಾದ ಗೋಸಂಪತ್ತಿನ ವಿಷಯವಾಗಿ ಎಂಟು ಪುಟ ತುಂಬಿ, ಕವಿಯ ಬಳಿಗೆ ಹಿಂದಿರುಗಲು ಮರೆತ ಕೊನೆಯ ಬೆಂಚಿನ ಹುಡುಗನಿಗೆ 20ಕ್ಕೆ 20.