ಲಕೋಟೆಲಿ ದೋಸೆ ಲೆಕ್ಕ

(ಮುಳಬಾಗಿಲಿನ ದೋಸೆ ಹೋಟೆಲು. ಶ್ರೀನಿವಾಸಪುರದ ಮಾವಿನ ಮಂಡಿಯವರು, ಮಾಲೂರಿನ ಇಟ್ಟಿಗೆ ಗೂಡಿನವರು. ಇಬ್ಬರ ಕೈಲೂ ಪೇಪರು, ಓದೋದು ಮಾತ್ರ ಪಕ್ಕದವರದ್ದು.)

ಮಂಡಿ: ಏನಣ್ಣ, ನಿಮ್ಮೂರ ಓಟು ಎಣಿಸಿದ ವಿಡಿಯೋ ಸಿಕ್ತಾ?

ಗೂಡು: ಎಲ್ಲಿಂದ ಸಿಗ್ಬೇಕು! 2023ರ ವಿಧಾನಸಭೆ ಚುನಾವಣೇಲಿ ನಮ್ಮ ಮಾಲೂರಿನ ಶಾಸಕರು ಗೆದ್ದಿದ್ದು 248 ಓಟಲ್ಲಿ. ಸೋತವರು ಹೈಕೋರ್ಟಿಗೆ ಹೋದ್ರು. ಕೋರ್ಟು ವಿಡಿಯೋ ಕೇಳ್ತು, ಅಧಿಕಾರಿಗಳು ಕೊಡಲಿಲ್ಲ. 2025ರ ಸೆಪ್ಟೆಂಬರಲ್ಲಿ ಆಯ್ಕೆನೇ ರದ್ದು, ಮತ್ತೆ ಎಣಿಸಿ ಅಂದ್ರು.

ಮಂಡಿ: ಆಮೇಲೆ?

ಗೂಡು: ಸುಪ್ರೀಂ ಕೋರ್ಟು ರದ್ದಿಗೆ ತಡೆ ಕೊಡ್ತು. ಎಣಿಸಿ, ಫಲಿತಾಂಶ ಮುಚ್ಚಿದ ಲಕೋಟೆಲಿ ತನ್ನಿ ಅಂತು.

ಮಂಡಿ: ನನ್ನ ಮಂಡೀಲಿ ಒಂದು ಕ್ರೇಟು ಮಾವು ಕಾಣದಿದ್ರೆ ಕ್ಯಾಮೆರಾ ತೋರಿಸ್ತೈತೆ.

ಗೂಡು: ಮಾವಿಗೆ ಬೆಲೆ ಐತಲ್ಲಣ್ಣ! ಹೋಗ್ಲಿ, ನಿಮ್ಮ ಶ್ರೀನಿವಾಸಪುರದ ರಮೇಶ್ ಕುಮಾರ್ ವಿಧಾನಸಭೆ ಸ್ಪೀಕರ್ ಆಗಿದ್ದಾಗ, 2019ರ ಜುಲೈಲಿ, ವಿಶ್ವಾಸಮತದ ಚರ್ಚೆಗೆ ದೇಶವೇ ಟಿ.ವಿ. ಮುಂದೆ ಕೂತಿತ್ತು.

ಮಂಡಿ: ಅಕ್ಟೋಬರಿಗೆ ಸ್ಪೀಕರ್ ಕುರ್ಚೀಲಿ ಕಾಗೇರಿಯವರು. ಖಾಸಗಿ ಚಾನೆಲ್ ಕ್ಯಾಮೆರಾ ಸದನದ ಒಳಗೆ ಬರಬಾರ್ದು, ನಾವು ಕೊಟ್ಟ ಚಿತ್ರ ತಗೊಳ್ಳಿ ಅಂತ ಆಯ್ತು.

ಗೂಡು: 2012ರ ಪಾಠ ಅದು. ಸದನದಲ್ಲಿ ಮೊಬೈಲ್‌ಲಿ ಅಶ್ಲೀಲ ಚಿತ್ರದ ವಿಷಯ ಕ್ಯಾಮೆರಾಕ್ಕೆ ಸಿಕ್ಕಿ ಮೂವರು ಮಂತ್ರಿಗಳ ರಾಜೀನಾಮೆ ಆಯ್ತಲ್ಲ?

ಮಂಡಿ: ಹೊರಗೆ ಇಡಬೇಕಾಗಿದ್ದು ಮೊಬೈಲು. ಇಟ್ಟಿದ್ದು ಕ್ಯಾಮೆರಾ!

ಹೋಟೆಲಿನವರು: ಅಣ್ಣ, ಒಟ್ಟು ಏಳು ದೋಸೆ.

ಗೂಡು: ಆರೇ!

ಹೋಟೆಲಿನವರು: ಗಲ್ಲಾ ಮೇಲೆ ಕ್ಯಾಮೆರಾ ಐತೆ, ನೋಡ್ತೀರಾ?

ಗೂಡು: ಬೇಡಪ್ಪ. ಲೆಕ್ಕ ಲಕೋಟೆಲಿ ಹಾಕ್ಕೊಡು, ಮಾಲೂರಿಗೆ ಹೋಗಿ ಬಿಚ್ತೀನಿ.