ಯೂನಿಟ್ ಮಾಸ್ತರ

ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿಕೊಂಡು, ಅದು ದಿನಕ್ಕೆ ಎಷ್ಟು ಯೂನಿಟ್ ಕೊಟ್ಟಿತೆಂದು ಕೇಳದವರಿಗೂ ವರದಿ ಒಪ್ಪಿಸುವ ಗೃಹಸ್ಥನೇ ಯೂನಿಟ್ ಮಾಸ್ತರ. ಅವನು ಶಾಲೆಯಲ್ಲಿ ಕಲಿಸಿದವನೇ ಆಗಬೇಕೆಂದಿಲ್ಲ. ಎದುರಿಗಿರುವವನಿಗೆ ಏನೂ ಗೊತ್ತಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದ್ದರೆ ಸಾಕು. ಮನೆ ಮೇಲಿನ ಸೋಲಾರಿಗೆ ಸಹಾಯಧನ ಕೊಡುವ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ಈ ಜಾತಿ ಹಳ್ಳಿಗಳಲ್ಲೂ ಕಾಣಿಸಿಕೊಳ್ಳುತ್ತಿದೆ. ಇಲ್ಲಿನ ವಿವರಣೆಗೆ ಆಧಾರ ಚಿಂಚೋಳಿ ತಾಲ್ಲೂಕಿನ ಐನಾಪುರದ ಒಂದು ಮಾದರಿ. ಒಂದೇ ಮಾದರಿಯಿಂದ ಇಡೀ ಜಾತಿಯನ್ನು ಅಳೆಯುವುದು ಶಾಸ್ತ್ರಕ್ಕೆ ಒಪ್ಪುವ ಮಾತಲ್ಲ, ನಿಜ. ಆದರೆ ಆ ಮಾದರಿಯ ಪಕ್ಕದ ಮನೆಯಲ್ಲಿ ಇರುವವರಿಗೆ ಎರಡನೆಯದನ್ನು ಹುಡುಕಿಕೊಂಡು ಹೋಗುವ ಚೈತನ್ಯ ಉಳಿಯುವುದಿಲ್ಲ.

ಮಾಸ್ತರಿಕೆ ಶುರುವಾಗುವುದು ಅಳತೆಯಿಂದ. ಕಲಬುರಗಿ ಜಿಲ್ಲೆಯ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್, ಮಳೆಗಾಲವನ್ನೂ ಸೇರಿಸಿ ಲೆಕ್ಕ ಹಾಕಿದರೆ, ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಐನಾಪುರದ ಮನೆಯಲ್ಲಿ ಎರಡು ಫ್ಯಾನು, ಒಂದು ಫ್ರಿಜ್, ಒಂದು ಮಿಕ್ಸರ್, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ, ಬೇಸಿಗೆಯಲ್ಲಿ ಒಂದು ಕೂಲರ್. ತಿಂಗಳಿಗೆ ನೂರು ಚಿಲ್ಲರೆ ಯೂನಿಟ್. ಅದಕ್ಕೆ 1 ಕಿಲೋವ್ಯಾಟ್ ಧಾರಾಳವಾಗಿ ಸಾಕು. ಅಸಲಿಗೆ ಅದೂ ಬೇಕಿರಲಿಲ್ಲ. 200 ಯೂನಿಟ್‌ವರೆಗಿನ ಮನೆಗಳಿಗೆ ಬಿಲ್ಲಿಲ್ಲ ಎನ್ನುವ ಗೃಹಜ್ಯೋತಿ ಯೋಜನೆಗೆ 2023ರ ಆಗಸ್ಟ್ 5ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟದ್ದೇ ಕಲಬುರಗಿಯಲ್ಲಿ. ಈ ಮನೆಯ ಬಿಲ್ಲು ಅಂದಿನಿಂದಲೇ ಸೊನ್ನೆ. ಸೊನ್ನೆಯನ್ನು ಇನ್ನಷ್ಟು ಇಳಿಸಲು ಒಬ್ಬ ಮನುಷ್ಯ ಏಕೆ ಹೊರಡುತ್ತಾನೆ ಎಂಬುದಕ್ಕೆ ಉತ್ತರ ಸೂರ್ಯಘರ್ ಸಹಾಯಧನದ ಪಟ್ಟಿಯಲ್ಲಿದೆ: ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ಅದರ ಮೇಲೆ ಎಷ್ಟು ಹಾಕಿಸಿದರೂ ಹೆಚ್ಚಿಗೆ ಒಂದು ಪೈಸೆ ಇಲ್ಲ. ಮನೆಯ ಲೆಕ್ಕ 1 ಎನ್ನುತ್ತಿತ್ತು, ಪಟ್ಟಿಯ ಲೆಕ್ಕ 3 ಎನ್ನುತ್ತಿತ್ತು. ಮಾಸ್ತರ ಪಟ್ಟಿಯ ಕಡೆ ನಿಂತ. “ಸರಕಾರ ಕೊಡ್ಲತ್ತದ, ಬ್ಯಾಡ ಅನ್ನದು ಹ್ಯಾಂಗ್ರಿ?” ತನ್ನ ಕಿಸೆಯಿಂದ ಹೋಗುವ ಉಳಿದ ಹಣದ ಮಾತು ತೆಗೆದವರಿಗೆ ದೇಶದ ಅಭಿವೃದ್ಧಿಯಲ್ಲಿ ಆಸಕ್ತಿಯಿಲ್ಲ ಎಂದು ತೀರ್ಮಾನವಾಯಿತು.

3 ಕಿಲೋವ್ಯಾಟ್‌ಗೆ ಮುನ್ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಈ ಭಾಗದ ಹಳೆಯ ಮನೆಗಳಲ್ಲಿ ಅಷ್ಟು ಜಾಗ ಒಂದೇ ಕಡೆ ಸಿಗುವುದು ಅಪರೂಪ. ಐನಾಪುರದ ಮನೆಗೆ ಮೂರು ನೆತ್ತಿ: ಅಜ್ಜನ ಕಾಲದ ಮಣ್ಣಿನ ಮಾಳಿಗೆ, ಮಗ ನೌಕರಿ ಹಿಡಿದ ಮೇಲೆ ಕಟ್ಟಿಸಿದ ಆರ್‌ಸಿಸಿ ಕೋಣೆ, ಪಶ್ಚಿಮಕ್ಕೆ ಇಳಿಜಾರಾದ ಪತ್ರಾಸಿನ ಕೊಟ್ಟಿಗೆ. ತಂದದ್ದು 540 ವ್ಯಾಟಿನ ಆರು ಪ್ಯಾನೆಲ್. ಒಂದೊಂದೂ ಆಳುದ್ದಕ್ಕಿಂತ ದೊಡ್ಡದು, ಮೂವತ್ತು ಕಿಲೋಕ್ಕೆ ಸ್ವಲ್ಪ ಕಡಿಮೆ ತೂಕ. ಮಾಸ್ತರ ಅವನ್ನು ಹೊಲ ಪಾಲು ಮಾಡಿದಂತೆ ಮೂರೂ ಕಡೆ ಎರಡೆರಡು ಹಂಚಬೇಕೆಂದ. ಕೂಡಿಸಲು ಬಂದ ಹುಡುಗರು ಒಪ್ಪಲಿಲ್ಲ. ಅವರ ಮಾತಿನಲ್ಲಿ ಅರ್ಥವಿತ್ತು. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಹರಿಯುವ ಕರೆಂಟು ಒಂದೇ ಆದ್ದರಿಂದ, ಬೇರೆ ಬೇರೆ ದಿಕ್ಕು ನೋಡುವವನ್ನು ಒಂದೇ ಸಾಲಿಗೆ ಸೇರಿಸಿದರೆ ಮಂಕಾದದ್ದು ಚುರುಕಾದದ್ದನ್ನೂ ಹಿಡಿದೆಳೆಯುತ್ತದೆ. ಹೀಗಾಗಿ ಒಂದೊಂದು ದಿಕ್ಕಿಗೂ ಇನ್ವರ್ಟರಿನಲ್ಲಿ ಬೇರೆ ಎಂಪಿಪಿಟಿ, ಎಂದರೆ ಸಾಲಿನಿಂದ ಗರಿಷ್ಠ ಶಕ್ತಿ ಎಳೆಯುವ ಭಾಗ, ಬೇಕು. ಸಣ್ಣ ಮನೆಯ ಇನ್ವರ್ಟರಿನಲ್ಲಿ ಅಂಥವು ಸಾಮಾನ್ಯವಾಗಿ ಒಂದೋ ಎರಡೋ. ಮೇಲಾಗಿ ಎರಡೇ ಪ್ಯಾನೆಲ್ ಕೂಡಿದರೆ ಎಂಬತ್ತು ವೋಲ್ಟಿನ ಆಸುಪಾಸು ಬರುತ್ತದೆ. ಅಷ್ಟಕ್ಕೆ ಅನೇಕ ಇನ್ವರ್ಟರುಗಳು ಏಳುವುದೇ ಇಲ್ಲ. ಕೊನೆಗೆ ಆರ್‌ಸಿಸಿ ಮೇಲೆ ಮೂರು, ಪತ್ರಾಸಿನ ಮೇಲೆ ಮೂರು. ಅಜ್ಜನ ಮಾಳಿಗೆಗೆ ಪಾಲು ಸಿಗಲಿಲ್ಲ. ಆ ಅನ್ಯಾಯವನ್ನು ಮಾಸ್ತರ ಇಂದಿಗೂ ಪ್ರಸ್ತಾಪಿಸುತ್ತಾನೆ.

ಆರ್‌ಸಿಸಿ ಮೇಲಿನವು ದಕ್ಷಿಣಕ್ಕೆ ಮುಖ ಮಾಡಿ ಊರಿನ ಅಕ್ಷಾಂಶಕ್ಕೆ ತಕ್ಕಂತೆ 17 ಡಿಗ್ರಿಯಷ್ಟು ಬಾಗಿವೆ. ಮೇ ತಿಂಗಳ ಎರಡನೆಯ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ ಮಧ್ಯಾಹ್ನದ ಸೂರ್ಯ ಐನಾಪುರದ ನೆತ್ತಿಯನ್ನು ದಾಟಿ ಉತ್ತರಕ್ಕೆ ಇರುತ್ತಾನೆ. ಇದು ಮಾಸ್ತರನಿಗೆ ತಿಳಿದದ್ದು ದುಡ್ಡು ಕೊಟ್ಟ ಮೇಲೆ. ಅದಕ್ಕಿಂತ ದೊಡ್ಡ ಪೆಟ್ಟು ಬಿಸಿಲಿನದೇ. ಪ್ಯಾನೆಲ್‌ನ ಶಕ್ತಿಯನ್ನು ಅಳೆಯುವುದು 25 ಡಿಗ್ರಿಯಲ್ಲಿ. ಅದರ ಮೇಲಿನ ಒಂದೊಂದು ಡಿಗ್ರಿಗೂ ಶೇಕಡಾ 0.35ರಷ್ಟು ಇಳಿಯುತ್ತ ಹೋಗುತ್ತದೆ. ಹೊರಗೆ 43 ಇದ್ದಾಗ ಪ್ಯಾನೆಲ್ 70ರ ಹತ್ತಿರ ಕಾದಿರುತ್ತದೆ, ಶೇಕಡಾ 15ರಷ್ಟು ಅಲ್ಲೇ ಆವಿ. ಬಿಸಿಲನ್ನೇ ಆಸ್ತಿಯೆಂದು ತಿಳಿದ ಜಿಲ್ಲೆಯ ಮನುಷ್ಯನಿಗೆ, ಮೇ ತಿಂಗಳ ಕೆಂಡಕ್ಕಿಂತ ತಣ್ಣನೆ ಗಾಳಿಯ ಫೆಬ್ರವರಿ ಹೆಚ್ಚು ಯೂನಿಟ್ ಕೊಡುತ್ತದೆಂದರೆ ಹೇಗೆ ಒಪ್ಪಿಗೆಯಾದೀತು?

ಮೊಬೈಲಿನ ಆ್ಯಪ್ ಈ ಜಾತಿಯ ಮುಖ್ಯ ಅಂಗ. ಅದರಲ್ಲಿ ಬೆಳಗ್ಗೆ ಏಳುವ, ಸಂಜೆ ಮಲಗುವ ಒಂದು ಗುಡ್ಡ. ಗುಡ್ಡದ ತುದಿ 12ಕ್ಕೆ ಬರಬೇಕೆಂದು ಮಾಸ್ತರ ಕಾಯುತ್ತಿದ್ದ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ ಲೆಕ್ಕದ್ದು, ಐನಾಪುರ ಅದಕ್ಕಿಂತ ಐದು ಡಿಗ್ರಿಯಷ್ಟು ಪಶ್ಚಿಮಕ್ಕೆ. ಆದ್ದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ ಇಪ್ಪತ್ತು ನಿಮಿಷ ತಡವಾಗಿ. ಈ ಸತ್ಯ ಕೈಗೆ ಸಿಕ್ಕಿದ ಮೇಲೆ ಮನೆಯಲ್ಲಿ ಹೊಸ ಕಾನೂನು: ಮಿಕ್ಸರ್, ಇಸ್ತ್ರಿ, ಬಟ್ಟೆ ಒಗೆಯುವ ಯಂತ್ರ ಎಲ್ಲವೂ 12:20ರ ನಂತರವೇ. ಹೆಂಡತಿ ಕೆಲವು ತಿಂಗಳು ಚಟ್ನಿಯನ್ನು ಊಟದ ಹೊತ್ತಿಗೆ ರುಬ್ಬಿದಳು. ಆಮೇಲೆ ಮೀಟರ್ ಓದಲು ಬಂದವನನ್ನೇ ಕೇಳಿದಳು. ನೆಟ್ ಮೀಟರ್ ಇದ್ದ ಮನೆಯಲ್ಲಿ ಹೊರಗೆ ಕಳಿಸಿದ ಯೂನಿಟ್ಟನ್ನು ಒಳಗೆ ಪಡೆದದ್ದಕ್ಕೆ ತಿಂಗಳ ಕೊನೆಗೆ ಹೊಂದಿಸುತ್ತಾರೆ, ರುಬ್ಬುವ ಹೊತ್ತಿಗೂ ಬಿಲ್ಲಿಗೂ ಸಂಬಂಧವಿಲ್ಲ ಎಂದು ಅವನು ಹೇಳಿದ. ಮರುದಿನದಿಂದ ಚಟ್ನಿ ಬೆಳಗ್ಗೆಯೇ.

ಮಾಸ್ತರನ ನಿಜವಾದ ಸ್ವಭಾವ ತಿಳಿಯಬೇಕಾದರೆ ಟಾಕಿಯ ಪ್ರಕರಣವನ್ನು ವಿವರವಾಗಿ ನೋಡಬೇಕು. ಅವನ ಮನೆಯ ನೈಋತ್ಯಕ್ಕೆ ಇನ್ನೊಂದು ಮನೆ ಇದೆ. ಆ ಮನೆಯವ ಬಡಪಾಯಿ, ಪುಸ್ತಕ ಓದುವವ, ಜಗಳ ಗೊತ್ತಿಲ್ಲದವ. ವಾಸ್ತು ಹೇಳಿದಂತೆ ತನ್ನ ನೀರಿನ ಟಾಕಿಯನ್ನು ಮಾಳಿಗೆಯ ನೈಋತ್ಯ ಮೂಲೆಯಲ್ಲಿ ಕಟ್ಟೆಯ ಮೇಲೆ ಏರಿಸಿದ್ದ. ಡಿಸೆಂಬರಿನ ಸಂಜೆ ನಾಲ್ಕೂವರೆಗೆ ಈ ಸೀಮೆಯಲ್ಲಿ ನೆರಳು ವಸ್ತುವಿನ ಎತ್ತರದ ಸುಮಾರು ಮೂರೂವರೆ ಪಟ್ಟು ಉದ್ದ ಇರುತ್ತದೆ, ಬೀಳುವುದು ಈಶಾನ್ಯಕ್ಕೆ. ಟಾಕಿಯ ನೆರಳು ಓಣಿ ದಾಟಿ, ಗೋಡೆ ಹತ್ತಿ, ಆರ್‌ಸಿಸಿ ಮೇಲಿನ ಮೂರನೆಯ ಪ್ಯಾನೆಲ್‌ನ ಮೂಲೆ ಮುಟ್ಟಿತು. ಅಂದು ಸಂಜೆಯೇ ಮಾಸ್ತರ ಮೊಬೈಲ್ ಹಿಡಿದು ಬಂದ. ಗುಡ್ಡದ ಇಳಿಜಾರಿನಲ್ಲಿ ಯಾರೋ ಕಚ್ಚಿದಂತೆ ಒಂದು ತಗ್ಗು. “ನಿಮ್ಮ ಟಾಕಿ ನೆರಳ ಬೀಳ್ಲತ್ತದ್ರಿ. ಒಂದ್ ಮೂಲಿಗಿ ನೆರಳ ಬಿದ್ರ ಪೂರಾ ಸಾಲೇ ಮಲಗತದ.” ಇದು ಅರ್ಧ ಸತ್ಯ. ಪ್ಯಾನೆಲ್ ಒಳಗೆ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ನೆರಳು ಬಿದ್ದ ಭಾಗವನ್ನು ಅವು ಬಳಸಿಕೊಂಡು ಹೋಗುವುದರಿಂದ, ಒಂದು ಮೂಲೆಯ ನೆರಳಿಗೆ ಹೋಗುವುದು ಹೆಚ್ಚೆಂದರೆ ಆ ಒಂದು ಪ್ಯಾನೆಲ್‌ನ ಮೂರನೆಯ ಒಂದು ಪಾಲು, ಅದೂ ಹೊತ್ತು ಇಳಿಯುವಾಗ. ದಿನಕ್ಕೆ ಕಾಲು ಯೂನಿಟ್ಟೂ ಇಲ್ಲ. ಅದನ್ನು ಹೇಳಿಹೋಗಲು ಮಾಸ್ತರ ಪ್ರತಿ ಸಂಜೆ ಕುಡಿದ ಚಹಾದ ಬೆಲೆ ಅದಕ್ಕಿಂತ ಹೆಚ್ಚು.

ದೂರು ಊರೆಲ್ಲ ಸುತ್ತಿತು. ಸೇಡಂನ ಮದುವೆಯೊಂದರ ಪಂಕ್ತಿಯಲ್ಲಿ, ಸುಲೇಪೇಟದ ಸಂತೆಯಲ್ಲಿ, ದಿನಕರ್ಮದ ಊಟದಲ್ಲಿ ಆ ತಗ್ಗನ್ನು ಜನ ಬೆರಳಿನಿಂದ ಹಿಗ್ಗಿಸಿ ನೋಡಿದರು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಬಡಿಸಿಕೊಂಡು ಕೂತಾಗಲೂ ಬುತ್ತಿಯ ಪಕ್ಕದಲ್ಲಿ ಹಿಂದಿನ ದಿನದ ಗುಡ್ಡ. ನೈಋತ್ಯದ ಮನೆಯವ ಕೊನೆಗೆ ಸೋತ. ಗೌಂಡಿಯನ್ನು ಕರೆಸಿ, ವಾಸ್ತುವನ್ನು ಬದಿಗಿಟ್ಟು, ಟಾಕಿಯನ್ನು ಸರಿಸುತ್ತೇನೆಂದ. ಮಾಸ್ತರ ಗಾಬರಿಯಾದ. “ಇರ್ಲಿ ಬಿಡ್ರಿ, ಬ್ಯಾಸಗಿ ಬಂದ್ರ ನೆರಳ ತಾನೇ ಸರೀತದ” ಎಂದು ಗೌಂಡಿಯನ್ನು ತಾನೇ ಕಳಿಸಿಕೊಟ್ಟ. ನೆರಳು ಸರಿಯುವುದು ನಿಜ, ಸೂರ್ಯ ಉತ್ತರಕ್ಕೆ ಬಂದಂತೆ ಅದು ಗಿಡ್ಡವಾಗುತ್ತದೆ. ಮಾಸ್ತರ ಚಹಾಕ್ಕೆ ಬರುವುದು ಸರಿಯಲಿಲ್ಲ.

ಕರೆಂಟು ಹೋದಾಗ ಮಾತ್ರ ಇವನು ಮೌನಿ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಇನ್ವರ್ಟರ್, ಲೈನು ಸತ್ತ ಕೂಡಲೇ ತಾನೂ ನಿಲ್ಲಬೇಕು. ಇಲ್ಲವಾದರೆ ಕಂಬ ಹತ್ತಿದ ಲೈನ್‌ಮನ್‌ಗೆ ಮನೆಯಿಂದ ಹಿಂದಕ್ಕೆ ಬಂದ ಕರೆಂಟು ಹೊಡೆಯುತ್ತದೆ. ಹೀಗಾಗಿ ಏಪ್ರಿಲ್ ಮಧ್ಯಾಹ್ನದ ಕೆಂಡದಲ್ಲಿ, ಮೂರು ಕಿಲೋವ್ಯಾಟ್ ತಲೆಯ ಮೇಲಿದ್ದರೂ ಮಾಸ್ತರನ ಫ್ಯಾನು ತಿರುಗುವುದಿಲ್ಲ. ನೈಋತ್ಯದ ಮನೆಯಲ್ಲಿ ಹಳೆಯ ಬ್ಯಾಟರಿಯೊಂದಿದೆ. ಅದರಿಂದ ತಿರುಗುವ ಫ್ಯಾನಿನ ಕೆಳಗೆ ಕೂತು ಮಾಸ್ತರ ಪೇಪರ್ ಓದುತ್ತಾನೆ. ಆ ಹೊತ್ತಿನಲ್ಲಿ ಯೂನಿಟ್ಟಿನ ಮಾತು ತೆಗೆಯದಿರುವಷ್ಟು ಸೌಜನ್ಯ ಆ ಮನೆಯವನಿಗೆ ಇದೆ. ಇಲ್ಲವೆಂದು ಕೆಲವರು ಹೇಳುತ್ತಾರೆ.

ಜಿಲ್ಲೆಯಲ್ಲಿ ಬೇರೆ ಬಗೆಗಳೂ ಉಂಟು. ವಾಡಿಯ ಕಡೆಯವನಿಗೆ ಸಿಮೆಂಟ್ ಧೂಳಿನ ಚಿಂತೆ. ರಾತ್ರಿಯ ಇಬ್ಬನಿಗೆ ಅದು ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ. ಶಹಾಬಾದಿನವನಿಗೆ ಪರ್ಸಿ ಕಲ್ಲು ಹಾಸಿದ ಮಾಳಿಗೆಗೆ ತೂತು ಹೊಡೆದು ಮಳೆಗಾಲದಲ್ಲಿ ಪಾತ್ರೆ ಇಡುವ ಚಿಂತೆ. ಚಿತ್ತಾಪುರದವನಿಗೆ ತೊಗರಿ ರಾಶಿಯ ಹೊಟ್ಟು. ಎಲ್ಲರಿಗೂ ಸಮಾನವಾದದ್ದು ಬೋರಿನ ಗಡಸು ನೀರು. ಸುಣ್ಣಕಲ್ಲಿನ ಈ ನೆಲದ ನೀರಿನಿಂದ ತೊಳೆದು ಹಾಗೇ ಬಿಟ್ಟರೆ ಗಾಜಿಗೆ ಬಿಳಿ ಕಲೆ ಕೂತುಬಿಡುತ್ತದೆ. ನಸುಕಿನಲ್ಲಿ, ಗಾಜು ತಣ್ಣಗಿರುವಾಗ ತೊಳೆದು, ಮೆತ್ತನೆ ಬಟ್ಟೆಯಿಂದ ಒರೆಸಬೇಕು. ಐನಾಪುರದ ಮಾಸ್ತರ ತನ್ನ ಹಳೆಯ ಧೋತರದಿಂದ ಒರೆಸುತ್ತಾನೆ, ಮಗುವಿನ ಮೋರೆ ಒರೆಸುವಷ್ಟು ನಿಧಾನಕ್ಕೆ.

ಆ್ಯಪ್ ಹೈದರಾಬಾದಿನಲ್ಲಿರುವ ಮಗನ ಮೊಬೈಲಿನಲ್ಲೂ ಇದೆ. ಗುಡ್ಡ ಸರಿಯಾಗಿ ಎದ್ದ ದಿನ ಮಗ ಫೋನ್ ಮಾಡುವುದಿಲ್ಲ, ಮಾಡಲು ಕಾರಣವಿಲ್ಲ. ಸೊನ್ನೆ ಕಂಡರೆ ಹತ್ತು ನಿಮಿಷದಲ್ಲಿ ಕರೆ: “ಅಪ್ಪಾ, ಯಾಕ ಬಂದ್ ಆಗ್ಯಾದ?” ಆಮೇಲೆ ಮಾತು ಸೊಸೆಗೆ, ಮೊಮ್ಮಗಳಿಗೆ, ಅವಳ ಶಾಲೆಗೆ ಹೋಗುತ್ತದೆ. ಕೆಲವು ರವಿವಾರ ಆಕಾಶ ಶುಭ್ರವಾಗಿದ್ದು, ಓಣಿಯಲ್ಲಿ ಕರೆಂಟೂ ಇದ್ದು, ಮಾಸ್ತರನ ಇನ್ವರ್ಟರಿನ ಹಸಿರು ದೀಪ ಮಾತ್ರ ಹತ್ತು ಗಂಟೆಗೆ ಆರಿರುತ್ತದೆ. ಹನ್ನೊಂದಕ್ಕೆ ಮತ್ತೆ ಹತ್ತಿರುತ್ತದೆ. ಯಂತ್ರದ ದೋಷವೆಂದು ಮಾಸ್ತರ ಹೇಳುತ್ತಾನೆ. ಬಂದು ನೋಡಿದ ಹುಡುಗರಿಗೆ ದೋಷ ಸಿಕ್ಕಿಲ್ಲ. ನೈಋತ್ಯದ ಮನೆಯ ಕಿಟಕಿಯಿಂದ ಆ ಸ್ವಿಚ್ಚು ಚೆನ್ನಾಗಿ ಕಾಣುತ್ತದೆ. ಆ ಮನೆಯವರು ಈ ವಿಷಯದಲ್ಲಿ ಯಾರಿಗೂ ಏನೂ ಹೇಳಿಲ್ಲ.

ಹೊಸದಾಗಿ ಈ ಜಾತಿಗೆ ಸೇರುವವರಿಗೆ ಒಂದು ಮಾತು. ಹನ್ನೆರಡು ತಿಂಗಳ ಬಿಲ್ಲು ಮುಂದಿಟ್ಟುಕೊಂಡು ಎಷ್ಟು ಕಿಲೋವ್ಯಾಟ್ ಬೇಕೆಂದು ನೀವೇ ಲೆಕ್ಕ ಹಾಕಿ. ಎರಡು ದಿಕ್ಕಿನ ಮಾಳಿಗೆಯಿದ್ದರೆ ಎರಡು ಎಂಪಿಪಿಟಿಯ ಇನ್ವರ್ಟರನ್ನೇ ಕೇಳಿ. ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕುವ ಮುಂಚೆ ಡಿಸೆಂಬರಿನ ಒಂದು ಸಂಜೆ ನಾಲ್ಕೂವರೆಗೆ ಮೇಲೆ ಹತ್ತಿ, ಸುತ್ತಲಿನ ಟಾಕಿಗಳ ನೆರಳು ಎಲ್ಲಿ ಬೀಳುತ್ತದೆಂದು ಸೀಮೆಸುಣ್ಣದಿಂದ ಗುರುತು ಹಾಕಿಕೊಳ್ಳಿ.